ಪೈಥಾನ್ ಲೈಬ್ರರಿಗೆ ಡೆಬಿಯನ್ ಪ್ಯಾಕೇಜ್ ಕಟ್ಟುವಾಗ ಯಾವ ಹೆಸರು ಹಿಡೀಬೇಕು: ಪೈಪಿಐದ್ದೋ, ಇಂಪೋರ್ಟಿಂದೋ?

ಸಾಧನಕೇರಿ_ಗಾಳಿ

ನಮಸ್ಕಾರ್ರಿ. ಕನ್ನಡ ಪದ ಒತ್ತಕ್ಷರ ಸಮೇತ ಬಿಡಿಸೋದು, ಅಕಾರಾದಿಯಾಗಿ ಜೋಡಿಸೋದು, ಹಳೇ ‘ನುಡಿ’ ತಂತ್ರಾಂಶದ ಕಡತ ಯೂನಿಕೋಡಿಗೆ ತರೋದು, ಈ ಮೂರು ಕೆಲಸದ ಒಂದು ಪೈಥಾನ್ ಲೈಬ್ರರಿ ಅದ. ಧಾರವಾಡದಾಗ ಒಂದು ಲ್ಯಾಬಿನ 30 ಕಂಪ್ಯೂಟರಿಗೆ ಹಾಕೋದದ, ಎಲ್ಲಾ ಡೆಬಿಯನ್ 13. ಪಿಪ್ ಇನ್‌ಸ್ಟಾಲ್ ಅಂದ್ರ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ಬಾಗಲಾ ಹಾಕ್ಕೋತದ. ಅದಕ್ಕ ಡೆಬ್ (ಡೆಬಿಯನ್ ಪ್ಯಾಕೇಜ್ ಫೈಲ್) ಮಾಡಿ ಲ್ಯಾಬಿನ ಆಪ್ಟ್ ರೆಪೊದಾಗ (ಆಪ್ಟ್ ಕಮಾಂಡ್ ಪ್ಯಾಕೇಜ್ ತರೋ ಜಾಗಾದಾಗ) ಇಡೋದು.

ತೊಡಕು ಹೆಸರಿಂದು. ಪೈಪಿಐದಾಗ (ಪಿಪ್ ಲೈಬ್ರರಿ ತರೋ ಪೈಥಾನ್ ಭಂಡಾರ) ಅದು ಕನ್ನಡ-ಒತ್ತಕ್ಷರ-ಟೂಲ್ಸ್. ಗಿಟ್ ರೆಪೊ ಹೆಸರು ಕೆಎನ್-ಒತ್ತು. ಕೋಡಿನಾಗ ಬರಿಯೋದು ಇಂಪೋರ್ಟ್ ಒತ್ತಕ್ಷರ. ಸದ್ಯಕ್ಕ ಪೈಥಾನ್3-ಕನ್ನಡ-ಒತ್ತಕ್ಷರ-ಟೂಲ್ಸ್ ಅಂತ ಕಟ್ಟಿ ಲ್ಯಾಬಿನಾಗ ಹಾಕಿ ಆಗ್ಯದ. ಪ್ಯಾಕೇಜಿನ ತಪ್ಪು ಹುಡುಕೋ ಲಿಂಟಿಯನ್ ಏನೂ ತಕರಾರು ಮಾಡಲಿಲ್ಲ. ಇದು ಸರಿ ಅದನೋ ಇಲ್ಲೋ? ಮುಂದ ಡೆಬಿಯನ್‌ಗೇ ಕಳಿಸೋ ವಿಚಾರನೂ ಅದ.

(ಕಮಾಂಡು, ಪ್ಯಾಕೇಜ್ ಹೆಸರು ಎಲ್ಲಾ ಕನ್ನಡ ಲಿಪಿಯೊಳಗೇ ಬರೀತೀನಿ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಅಂತ ತಿಳ್ಕೋರಿ.)

ಉಣಕಲ್_ಟರ್ಮಿನಲ್

ಸರಿ ಇಲ್ಲರಿ. ಡೆಬಿಯನ್‌ದಾಗ ಪೈಥಾನ್ ಮಾಡ್ಯೂಲಿನ ಬೈನರಿ ಪ್ಯಾಕೇಜಿಗೆ (ಕಂಪ್ಯೂಟರಿಗೆ ಹಾಕೂ ಡೆಬ್) ಪೈಥಾನ್3- ಅಂತ ಮುಂದ ಹಚ್ಚಿ, ಆಮ್ಯಾಲೆ ಇಂಪೋರ್ಟ್ ಹೆಸರು. ಪೈಪಿಐ ಹೆಸರಲ್ಲ. ನಿಮ್ದು ಪೈಥಾನ್3-ಒತ್ತಕ್ಷರ ಆಗಬೇಕು.

ದಿನಾ ಬಳಸೋವನ್ನ ನೋಡ್ರಿ. ಪೈಪಿಐದಾಗ ಪೈಯಾಮಲ್, ಕೋಡಿನಾಗ ಇಂಪೋರ್ಟ್ ಯಾಮಲ್, ಡೆಬಿಯನ್‌ದಾಗ ಪೈಥಾನ್3-ಯಾಮಲ್. ಬ್ಯೂಟಿಫುಲ್‌ಸೂಪ್4 ಇಲ್ಲೆ ಪೈಥಾನ್3-ಬಿಎಸ್4. ಪಿಲ್ಲೋ ಪೈಥಾನ್3-ಪಿಐಎಲ್. ಸೈಕಿಟ್-ಲರ್ನ್ ಪೈಥಾನ್3-ಎಸ್‌ಕೆಲರ್ನ್. ಪೈಸೀರಿಯಲ್ ಪೈಥಾನ್3-ಸೀರಿಯಲ್. ನಿಮ್ಮ ಲೈಬ್ರರಿ ಅಕಾರಾದಿಗೆ ಪೈಐಸಿಯು (ಯೂನಿಕೋಡ್ ಕೆಲಸದ ಐಸಿಯು ಲೈಬ್ರರಿಯ ಪೈಥಾನ್ ರೂಪ) ಹಿಡದಿರಬೇಕು, ಅದೂ ಪೈಥಾನ್3-ಐಸಿಯು.

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಚೀಲ ಕೇಳುವಾಗ ಕಡ್ಡಿನೋ ಡಬ್ಬಿನೋ ಅಂತಾರ, ಯಾರ ಹೊಲದ್ದು ಅನ್ನೂದು ಆಮ್ಯಾಲಿನ ಮಾತು. ಇಲ್ಲೂ ಹಂಗ. ‘ನೋ ಮಾಡ್ಯೂಲ್ ನೇಮ್ಡ್ ಯಾಮಲ್’ ಅಂತ ಎರರ್ ಬಂತಂದ್ರ ಕೈಯಾಗ ಇರೂದು ಇಂಪೋರ್ಟ್ ಹೆಸರೊಂದ. ಅದನ್ನ ಪೈಥಾನ್3-ಕ್ಕ ಅಂಟಿಸಿದ್ರ ಪ್ಯಾಕೇಜ್ ಸಿಗಬೇಕು.

ಇದು ಬರೇ ಶಿಸ್ತಿನ ಮಾತಲ್ಲ, ಯಂತ್ರಾನೂ ಹೆಸರು ನಂಬತೈತಿ. ಪ್ಯಾಕೇಜಿನ ವಿವರ ಬರಿಯೂ ಕಂಟ್ರೋಲ್ ಫೈಲಿನಾಗ ಟೆಸ್ಟ್‌ಸೂಟ್: ಆಟೋಪಿಕೆಜಿಟೆಸ್ಟ್-ಪಿಕೆಜಿ-ಪೈಥಾನ್ ಅಂತ ಒಂದು ಸಾಲು ಹಾಕಿದ್ರ, ಆಟೋಡೆಪ್8 ಅನ್ನೋ ಟೂಲ್ ಪ್ಯಾಕೇಜ್ ಹೆಸರಿನ ಪೈಥಾನ್3- ಕಿತ್ತಿ, ಉಳದದ್ದನ್ನ ಇಂಪೋರ್ಟ್ ಮಾಡಿ ನೋಡತೈತಿ. ನಿಮ್ಮ ಈಗಿನ ಹೆಸರಿಗೆ ಅದು ಇಂಪೋರ್ಟ್ ಕನ್ನಡ_ಒತ್ತಕ್ಷರ_ಟೂಲ್ಸ್ ಅಂತೈತಿ, ಬೀಳತೈತಿ. ಹೆಸರು ಬದಲಿ ಮಾಡಾಕ ಆಗೂದೇ ಇಲ್ಲ ಅಂದಾಗ ಡೆಬಿಯನ್/ಟೆಸ್ಟ್ಸ್ ಒಳಗ ಅದರ ಕಾನ್ಫ್ ಫೈಲಿಗೆ ಇಂಪೋರ್ಟ್_ನೇಮ್ ಬರದು ತಪ್ಪಸಬಹುದು. ನಿಮಗ ಅದರ ಜರೂರತ್ತಿಲ್ಲ.

ಲಿಂಟಿಯನ್ ಸುಮ್ನಿದ್ದದ್ದು ದೊಡ್ಡ ಮಾತಲ್ಲ. ಅದು ಫೈಲ್ ನೋಡಿ ಹೇಳತೈತಿ, ನಿಮ್ಮ ಮನಸಿನ್ಯಾಗ ಯಾವ ಹೆಸರು ಐತಿ ಅಂತ ಅದಕ್ಕೇನ ಗೊತ್ತು?

ಬ್ಯಾಡಗಿ_ಕಡ್ಡಿ

ನಮ್ಮೂರ ಚೀಲ ತಂದ್ರಿ, ಆದ್ರ ಅರ್ಧಾ ಹೇಳಿದ್ರಿ. ಫೆಡೋರಾದಾಗ (ಇನ್ನೊಂದು ಲಿನಕ್ಸ್) ಇದು ಉಲ್ಟಾ. ಅಲ್ಲಿ ಪೈಪಿಐ ಹೆಸರಿಗೇ ಪೈಥಾನ್3- ಹಚ್ಚತಾರ. ಯಾಮಲ್ ಅಲ್ಲಿ ಪೈಥಾನ್3-ಪೈಯಾಮಲ್. ಅದರ ಮ್ಯಾಲೆ ಪ್ರತಿ ಪ್ಯಾಕೇಜೂ ಪೈಥಾನ್3ಡಿಸ್ಟ್ ಅನ್ನೋ ಕಾಲ್ಪನಿಕ ಹೆಸರೂ ತಾನ ಹೇಳ್ಕೋತೈತಿ, ಸ್ಪೆಕ್ ಫೈಲಿನಾಗ (ಅಲ್ಲಿ ಪ್ಯಾಕೇಜ್ ಕಟ್ಟೂ ವಿವರದ ಫೈಲ್) ಯಾರೂ ಕೈಯಿಂದ ಬರಿಯೂದಿಲ್ಲ. ಪೈಥಾನಿನ ಪೆಪ್ 503 ನಿಯಮದ ಪ್ರಕಾರ ಅಡ್ಡಗೆರಿ, ತಳಗೆರಿ, ಚುಕ್ಕಿ ಎಲ್ಲಾ ಒಂದೇ ಅಡ್ಡಗೆರಿ ಆಗತಾವು, ದೊಡ್ಡಕ್ಷರ ಸಣ್ಣದಾಗತಾವು. ಪೈಪಿಐದಾಗ ಒಂದು ಹೆಸರು ಒಬ್ರಿಗೇ. ಇಂಪೋರ್ಟ್ ಹೆಸರಿಗೆ ಅಂಥಾ ಕಾವಲೇ ಇಲ್ಲ. ಪೈಥಾನ್-ಮ್ಯಾಜಿಕ್, ಫೈಲ್-ಮ್ಯಾಜಿಕ್ ಅಂತ ಪೈಪಿಐದಾಗ ಎರಡು ಬ್ಯಾರೆ ಪ್ರಾಜೆಕ್ಟ್. ಎರಡೂ ಇಂಪೋರ್ಟ್ ಮ್ಯಾಜಿಕ್. ಡೆಬಿಯನ್ ಪದ್ಧತಿಯೊಳಗ ಯಾವುದಕ್ಕ ಪೈಥಾನ್3-ಮ್ಯಾಜಿಕ್ ಕೊಡ್ತೀರಿ?

ಬೆಟಗೇರಿ_ಮಗ್ಗ

ಎರಡಕ್ಕೂ ಕೊಡಲು ಬರುವುದಿಲ್ಲ, ಮತ್ತು ಅದೇ ಈ ನಿಯಮದ ಲಾಭ. ಎರಡೂ ಒಂದೇ ದಾರಿಯಲ್ಲಿ, ಡೆಬಿಯನ್ ಪೈಥಾನ್ ಮಾಡ್ಯೂಲುಗಳನ್ನಿಡುವ ಡಿಸ್ಟ್-ಪ್ಯಾಕೇಜಸ್ ಫೋಲ್ಡರ್ ಒಳಗೆ ಒಂದೇ ಹೆಸರಿನಲ್ಲಿ ಕೂರಬೇಕಾದವು. ಒಂದೇ ಯಂತ್ರದಲ್ಲಿ ಎರಡೂ ಇರಲಾರವು. ಇಂಪೋರ್ಟ್ ಹೆಸರನ್ನೇ ಪ್ಯಾಕೇಜಿಗೆ ಇಟ್ಟರೆ ಆ ಜಗಳ ಹೆಸರಿಡುವ ದಿನವೇ ಬಯಲಾಗುತ್ತದೆ. ಪೈಪಿಐ ಹೆಸರಿಟ್ಟರೆ ಬಳಕೆದಾರರು ಎರಡನ್ನೂ ಹಾಕಲು ಹೋದ ದಿನ ಬಯಲಾಗುತ್ತದೆ.

ಜಗಳವನ್ನು ಬಿಡಿಸಿದ ಒಂದು ಮಾದರಿಯೂ ಇದೆ. ಪೈಕ್ರಿಪ್ಟೋ ಮತ್ತು ಅದರಿಂದ ಕವಲೊಡೆದ ಪೈಕ್ರಿಪ್ಟೋಡೋಮ್ ಎರಡೂ ಇಂಪೋರ್ಟ್ ಕ್ರಿಪ್ಟೋ. ಹಾಗಾಗಿ ಡೆಬಿಯನ್ನಿನ ಪೈಥಾನ್3-ಪೈಕ್ರಿಪ್ಟೋಡೋಮ್ ತನ್ನ ಕೋಡನ್ನು ಕ್ರಿಪ್ಟೋಡೋಮ್ ಎಂಬ ಬೇರೆ ಹೆಸರಿನಡಿ ಕೂರಿಸುತ್ತದೆ. ಪಿಪ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಇಲ್ಲಿ ಇಂಪೋರ್ಟ್ ಸಾಲಿನಲ್ಲೇ ಮುಗ್ಗರಿಸುವುದು ಇದರಿಂದ.

ಅಪವಾದಗಳೂ ಇವೆ, ಮುಚ್ಚಿಡುವುದೇಕೆ. ಇಂಪೋರ್ಟ್ ಸಿವಿ2 ಎಂದು ಬರೆಯುತ್ತೇವೆ, ಪ್ಯಾಕೇಜ್ ಮಾತ್ರ ಪೈಥಾನ್3-ಓಪನ್‌ಸಿವಿ.

ಸಾಧನಕೇರಿಯವರೇ, ಇನ್ನೊಂದು ಗಮನಿಸಿ. ಸೋರ್ಸ್ ಪ್ಯಾಕೇಜಿನ (ಡೆಬ್ ಕಟ್ಟಲು ಬೇಕಾದ ಮೂಲ ಕೋಡು) ಹೆಸರು ಬೇರೆ, ಬೈನರಿಯದು ಬೇರೆ. ಸೋರ್ಸಿಗೆ ಮೂಲ ಪ್ರಾಜೆಕ್ಟಿನ ಹೆಸರನ್ನೇ ಇಡಬಹುದು. ಪೈಥಾನ್3-ಬಿಎಸ್4ರ ಸೋರ್ಸ್ ಇವತ್ತಿಗೂ ಬ್ಯೂಟಿಫುಲ್‌ಸೂಪ್4, ಪೈಥಾನ್3-ಐಸಿಯುದು ಪೈಐಸಿಯು. ತೀರಾ ಸಾಮಾನ್ಯ ಪದವಾಗಿದ್ದರೆ ಮಾತ್ರ ಮುಂದೆ ಪೈಥಾನ್- ಸೇರಿಸಿ. ‘ಕನ್ನಡ-ಒತ್ತಕ್ಷರ-ಟೂಲ್ಸ್’ ಸೋರ್ಸಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಸಾಧನಕೇರಿ_ಗಾಳಿ

ತಿಳೀತು. ಎರಡು ಸಣ್ಣ ಪ್ರಶ್ನೆ. ಇಂಪೋರ್ಟ್ ಹೆಸರಿನಾಗ ತಳಗೆರಿ ಇದ್ರ ಏನು ಮಾಡೋದು? ಮತ್ತ ಇದರ ಜೋಡಿ ‘ಒತ್ತು’ ಅಂತ ಒಂದು ಕಮಾಂಡೂ ಬರ್ತದ, ಅದಕ್ಕ ಬ್ಯಾರೆ ಪ್ಯಾಕೇಜ್ ಬೇಕೇನು?

ಉಣಕಲ್_ಟರ್ಮಿನಲ್

ತಳಗೆರಿ ಅಡ್ಡಗೆರಿ ಆಗತೈತಿ. ಡೆಬಿಯನ್ ಪ್ಯಾಕೇಜ್ ಹೆಸರಿನಾಗ ಸಣ್ಣಕ್ಷರ, ಅಂಕಿ, ಪ್ಲಸ್, ಮೈನಸ್, ಚುಕ್ಕಿ, ಇಷ್ಟಕ್ಕ ಪರವಾನಗಿ. ಕಡಿಮಿ ಅಂದ್ರ 2 ಅಕ್ಷರ, ಮೊದಲನೇದು ಅಕ್ಷರ ಇಲ್ಲಾ ಅಂಕಿ. ತಳಗೆರಿ ಯಾಕ ಬ್ಯಾಡ ಅಂದ್ರ ಡೆಬ್ ಫೈಲಿನ ಹೆಸರಿನಾಗ ಅದಕ್ಕ ಬ್ಯಾರೆ ಕೆಲಸ ಐತಿ: ಹೆಸರು, ಆವೃತ್ತಿ, ಆರ್ಕಿಟೆಕ್ಚರ್ ಮೂರರ ನಡುವಿನ ಬೇಲಿ ಅದು. ಚುಕ್ಕಿ ಇದ್ರ ಹಂಗೇ ಬಿಡ್ರಿ, ಪೈಥಾನ್3-ಝೋಪ್.ಇಂಟರ್‌ಫೇಸ್ ಇದ್ದಂಗ.

ಕನ್ನಡ ಹೆಸರಿಗೆ ಇನ್ನೊಂದು ಗೊಣಗಾಟ ಐತಿ. ‘ಒತ್ತಕ್ಷರ’ಕ್ಕ ಇಂಗ್ಲಿಷಿನಾಗ ಟಿ ಎರಡೋ ಒಂದೋ, ಎಚ್ ಬೇಕೋ ಬ್ಯಾಡೋ ಅಂತ ಹತ್ತು ನಮೂನಿ ಬರೀತಾರ. ಮಾಡ್ಯೂಲಿನ ಫೋಲ್ಡರ್ ಹೆಂಗೈತೋ ಹಂಗ. ನಿಮಗ ಚಂದ ಕಂಡ ಕಾಗುಣಿತ ಪ್ಯಾಕೇಜಿಗೆ ಹಾಕಬ್ಯಾಡ್ರಿ.

ಕಮಾಂಡಿಗೆ: ಮಂದಿ ಹುಡುಕೂದು ಕಮಾಂಡನ್ನೋ ಲೈಬ್ರರಿಯನ್ನೋ? ಎರಡಕ್ಕೂ ಗಿರಾಕಿ ಇದ್ರ ಒಂದೇ ಸೋರ್ಸಿನಿಂದ ಎರಡು ಬೈನರಿ ಮಾಡ್ರಿ: ಪೈಥಾನ್3-ಒತ್ತಕ್ಷರ, ಮತ್ತ ಬರೇ ಒತ್ತಕ್ಷರ. ಎರಡನೇದು ಕಮಾಂಡ್ ಇಟ್ಕೊಂಡು ಮೊದಲನೇದರ ಮ್ಯಾಲೆ ಡಿಪೆಂಡ್ ಆಗಲಿ. ಯಾರೂ ಇಂಪೋರ್ಟ್ ಮಾಡದ ಶುದ್ಧ ಅಪ್ಲಿಕೇಶನ್ ಆಗಿದ್ರ ಪೈಥಾನ್3- ಅನ್ನೂದೇ ಬ್ಯಾಡಾಗಿತ್ತು, ಅದರ ಮಾಡ್ಯೂಲ್ ಯುಎಸ್‌ಆರ್/ಶೇರ್ ಒಳಗ ಖಾಸಗಿಯಾಗಿ ಕೂಡಬೇಕು. ಹತ್ತು ಸಾಲಿನ ಕಮಾಂಡಿಗೆ ನಾನಂತೂ ಬ್ಯಾರೆ ಪ್ಯಾಕೇಜ್ ಮಾಡಾಂಗಿಲ್ಲ.

ರಾಣೇಬೆನ್ನೂರ_ಬೀಜ

ಬ್ಯಾರೆ ಭಾಷಾದವ್ರೂ ಓದ್ತಾರ ಅಂತ ಸೇರಸ್ತೀನಿ. ಪರ್ಲ್‌ದಾಗ ಎರಡು ತುದೀನೂ ಕಟ್ಟತಾರ: ಮುಂದ ಲಿಬ್, ಹಿಂದ -ಪರ್ಲ್, ನಡುವಿನ ಜೋಡಿ ಕೋಲನ್ ಅಡ್ಡಗೆರಿ. ಟೆಕ್ಸ್ಟ್::ಸಿಎಸ್‌ವಿ_ಎಕ್ಸ್‌ಎಸ್ ಅನ್ನೋದು ಲಿಬ್‌ಟೆಕ್ಸ್ಟ್-ಸಿಎಸ್‌ವಿ-ಎಕ್ಸ್‌ಎಸ್-ಪರ್ಲ್. ರೂಬಿಗೆ ರೂಬಿ-, ನೋಡ್‌ಗೆ ನೋಡ್-, ಜಾವಾಕ್ಕ ಲಿಬ್ ಮುಂದ, -ಜಾವಾ ಹಿಂದ. ಆರ್ ಭಾಷಾಕ್ಕ ಆರ್-ಕ್ರ್ಯಾನ್-, ಅಂದ್ರ ಎಲ್ಲಿಂದ ಬಂತು ಅನ್ನೋದೂ ಹೆಸರಿನಾಗ. ಹ್ಯಾಸ್ಕೆಲ್ ಲಿಬ್‌ಜಿಎಚ್‌ಸಿ- ಅಂತೈತಿ, ಕಂಪೈಲರ್ ಹೆಸರೇ ಒಳಗ.

ಗೋ ಮತ್ತ ರಸ್ಟ್ ಬ್ಯಾರೇ ಜಾತಿ. ಅಲ್ಲಿ ಡೆಬ್ ಒಳಗಿರೋದು ಬರೇ ಸೋರ್ಸ್ ಕೋಡ್, ಇನ್ನೊಂದು ಪ್ಯಾಕೇಜ್ ಕಟ್ಟಾಕಷ್ಟ. ಗೋದಾಗ ಇಂಪೋರ್ಟ್ ದಾರಿ ಪೂರ್ತಿ ಹೆಸರಾಗತೈತಿ, ಗೋಲ್ಯಾಂಗ್.ಆರ್ಗ್/ಎಕ್ಸ್/ಟೆಕ್ಸ್ಟ್ ಅನ್ನೋದು ಗೋಲ್ಯಾಂಗ್-ಗೋಲ್ಯಾಂಗ್-ಎಕ್ಸ್-ಟೆಕ್ಸ್ಟ್-ಡೆವ್. ಎರಡು ಸಲ ಗೋಲ್ಯಾಂಗ್ ಬಂದದ್ದು ತಪ್ಪಲ್ಲ, ಮೊದಲನೇದು ಭಾಷೆ, ಎರಡನೇದು ಡೊಮೈನ್. ರಸ್ಟ್‌ದಾಗ ಲಿಬ್‌ರಸ್ಟ್-ಯೂನಿಕೋಡ್-ಸೆಗ್ಮೆಂಟೇಶನ್-ಡೆವ್ ಇದ್ದಂಗ. ಕ್ರೇಟಿನ ಒಂದೊಂದು ಫೀಚರಿಗೂ ಪ್ಲಸ್ ಹಚ್ಚಿದ ಹೆಸರು ಪ್ರೊವೈಡ್ಸ್ ಒಳಗ ಬರ್ತಾವು, ಹಳೇ ಆವೃತ್ತಿನೂ ಉಳಿಸ್ಬೇಕಂದ್ರ ಹೆಸರಿನಾಗೇ 0.4 ಅಂತ ಸೇರತೈತಿ. ಡೆಬ್‌ಕಾರ್ಗೊ ಬರದುಕೊಡತೈತಿ, ಕೈ ಹಾಕಬ್ಯಾಡ್ರಿ.

ಬೆಟಗೇರಿ_ಮಗ್ಗ

ಸಿ ಲೈಬ್ರರಿಯನ್ನು ಬಿಟ್ಟಿರಿ, ಹೆಸರಿನಲ್ಲಿ ಅಂಕಿ ಯಾಕೆ ಬರುತ್ತದೆ ಎಂಬುದು ಅಲ್ಲೇ ಚೆನ್ನಾಗಿ ಕಾಣುವುದು. ಡೆಬಿಯನ್ 12ರಲ್ಲಿ ಲಿಬ್‌ಐಸಿಯು72, 13ರಲ್ಲಿ ಲಿಬ್‌ಐಸಿಯು76. ಆ ಅಂಕಿ ಲೈಬ್ರರಿ ಫೈಲಿನೊಳಗೆ ಬರೆದಿರುವ ಎಸ್ಒನೇಮ್ ಎಂಬ ಹೆಸರಿನಿಂದ ಬಂದದ್ದು. ಎಬಿಐ (ಕಟ್ಟಿದ ಪ್ರೋಗ್ರಾಂ ಮತ್ತು ಲೈಬ್ರರಿ ನಡುವಿನ ಹೊಂದಾಣಿಕೆ) ಮುರಿದಾಗ ಅಂಕಿ ಬದಲಾಗುತ್ತದೆ, ಹೊಸ ಪ್ಯಾಕೇಜ್ ಹುಟ್ಟುತ್ತದೆ, ಹಳೆಯ ಪ್ರೋಗ್ರಾಂಗಳಿಗಾಗಿ ಹಳೆಯದೂ ಪಕ್ಕದಲ್ಲೇ ಇರಬಲ್ಲದು. ಎಸ್ಒನೇಮ್ ನೋಡಲು ಆಬ್ಜ್‌ಡಂಪ್ -ಪಿ ಕೊಟ್ಟು ಆ ಸಾಲನ್ನು ಗ್ರೆಪ್ ಮಾಡಿ. ಹೆಸರೇ ಅಂಕಿಯಲ್ಲಿ ಮುಗಿದರೆ ನಡುವೆ ಅಡ್ಡಗೆರೆ: ಲಿಬ್‌ಪಿಎನ್‌ಜಿ16-16. ಈಚಿನ ಪ್ಯಾಕೇಜುಗಳ ಬಾಲದಲ್ಲಿ ಟಿ64 ಕಂಡರೆ ಗಾಬರಿಯಾಗಬೇಡಿ. 2038ರ ಸಮಸ್ಯೆಗಾಗಿ 32 ಬಿಟ್ ಯಂತ್ರಗಳ ಸಮಯ ಎಣಿಸುವ ಟೈಮ್_ಟಿಯನ್ನು 64 ಬಿಟ್ ಮಾಡಿದಾಗ ಎಬಿಐ ಮುರಿಯಿತು, ಎಸ್ಒನೇಮ್ ಮಾತ್ರ ಹಾಗೆಯೇ ಉಳಿಯಿತು. ವ್ಯತ್ಯಾಸವನ್ನು ಹೆಸರಿನಲ್ಲೇ ಹೇಳಬೇಕಾಯಿತು.

ಪೈಥಾನ್3-ಐಸಿಯುಗೆ ಅಂಕಿ ಇಲ್ಲ, ಯಾಕೆಂದರೆ ಇಂಪೋರ್ಟ್ ಐಸಿಯು ಎಂಬ ಸಾಲಿನಲ್ಲಿ ಅಂಕಿ ಇಲ್ಲ. ಎರಡು ಆವೃತ್ತಿ ಒಟ್ಟಿಗೆ ಕೂರಲು ಜಾಗವೇ ಇಲ್ಲದ ಕಡೆ ಅಂಕಿ ಹಾಕಿ ಪ್ರಯೋಜನವಿಲ್ಲ.

ಕನ್ನಡದವರಿಗೆ ಇದೇ ತರ್ಕದ ಇನ್ನೊಂದು ನಮೂನೆ. ಡೆಬಿಯನ್‌ನಲ್ಲಿ ಕನ್ನಡ ಎಂದು ಹುಡುಕಿದರೆ ಮೂರು ಬಗೆಯ ಚುಟುಕು ಸಿಗುತ್ತವೆ. ಗುಬ್ಬಿ, ನವಿಲು ಫಾಂಟುಗಳನ್ನು ಎಳೆದು ತರುವ ಪ್ಯಾಕೇಜ್ ಫಾಂಟ್ಸ್-ಕೆಎನ್‌ಡಿಎ: ಅದು ಲಿಪಿಯ ಸಂಕೇತ, ಐಎಸ್ಒ 15924ರದ್ದು. ಆಸ್ಪೆಲ್-ಕೆಎನ್, ಫೈರ್‌ಫಾಕ್ಸ್-ಇಎಸ್‌ಆರ್-ಎಲ್10ಎನ್-ಕೆಎನ್: ಅದು ಭಾಷೆಯ ಎರಡಕ್ಷರ. ಟೆಸೆರಾಕ್ಟ್-ಒಸಿಆರ್-ಕೆಎಎನ್: ಭಾಷೆಯ ಮೂರಕ್ಷರ, ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್ ತನ್ನ ಡೇಟಾ ಫೈಲನ್ನು ಆ ಹೆಸರಿನಲ್ಲೇ ಕೇಳುವುದರಿಂದ. ಮೂರನ್ನೂ ಒಂದು ಮಾಡಬೇಕೆಂದು ಆಗಾಗ ಯಾರಾದರೂ ಕೇಳುತ್ತಾರೆ. ಕೇಳುವ ಪ್ರೋಗ್ರಾಂ ಬೇರೆ ಬೇರೆ ಇರುವಾಗ ಒಂದಾಗುವುದು ಹೇಗೆ?

ಸಾಧನಕೇರಿ_ಗಾಳಿ

ಸೋರ್ಸ್ ಕನ್ನಡ-ಒತ್ತಕ್ಷರ-ಟೂಲ್ಸ್, ಬೈನರಿ ಪೈಥಾನ್3-ಒತ್ತಕ್ಷರ, ಆರ್ಕಿಟೆಕ್ಚರ್ ಆಲ್ ಅಂತ ಮಾಡಿ ಕಟ್ಟಿದೆ. ಕಟ್ಟೋದು ಸುಸೂತ್ರ ಆತು. ಹೊಸಾ ಕಂಪ್ಯೂಟರಿಗೆ ಹಾಕಿದ್ರ ‘ನೋ ಮಾಡ್ಯೂಲ್ ನೇಮ್ಡ್ ನುಡಿಮ್ಯಾಪ್’. ಅದು ನಾವೇ ಬ್ಯಾರೆ ಪ್ಯಾಕೇಜ್ ಮಾಡಿದ ಪುಟ್ಟ ಲೈಬ್ರರಿ. ಪೈಪಿಐದಾಗ ನುಡಿ-ಮ್ಯಾಪ್, ಇಲ್ಲಿ ಪೈಥಾನ್3-ನುಡಿಮ್ಯಾಪ್. ಪೈಪ್ರಾಜೆಕ್ಟ್ ಫೈಲಿನಾಗ ಡಿಪೆಂಡೆನ್ಸಿ ಬರದದ, ಪೈಯಾಮಲ್, ಪೈಐಸಿಯು ಎಲ್ಲಾ ತಾವೇ ಬಂದ್ವು. ಇದೊಂದೇ ಯಾಕ ಬಿಟ್ಟುಹೋತು?

ಎರಡನೇ ಕಂಪ್ಯೂಟರಿನಾಗ ಡೆಬ್ ಹಾಕೋ ಡಿಪಿಕೆಜಿ ‘ಟ್ರೈಯಿಂಗ್ ಟು ಓವರ್‌ರೈಟ್’ ಅಂತ ನಿಂತದ, ಟೆಸ್ಟ್ಸ್/ಇನಿಟ್ ಫೈಲಿನ ಮ್ಯಾಲೆ.

ಉಣಕಲ್_ಟರ್ಮಿನಲ್

ಬಿಲ್ಡ್ ಲಾಗ್ ತಗದು ಡಿಎಚ್_ಪೈಥಾನ್3 (ಡಿಪೆಂಡೆನ್ಸಿ ತುಂಬೂ ಟೂಲ್) ಸಾಲು ಹುಡುಕ್ರಿ. ‘ಕ್ಯಾನಾಟ್ ಫೈಂಡ್ ಪ್ಯಾಕೇಜ್ ದಟ್ ಪ್ರೊವೈಡ್ಸ್ ನುಡಿ_ಮ್ಯಾಪ್’ ಅಂತ ಇದ್ದೇ ಇರತೈತಿ. ಅದು ಎರರ್ ಅಲ್ಲ, ಬರೇ ಸೂಚನಾ. ಅದಕ್ಕ ಕಣ್ತಪ್ಪಿ ಹೋಗತೈತಿ.

ಅದು ಕೆಲಸ ಮಾಡೂದು ಹಿಂಗ. ಪೈಥಾನ್3:ಡಿಪೆಂಡ್ಸ್ ತುಂಬುವಾಗ ಲೈಬ್ರರಿಯ ಮೆಟಾಡೇಟಾದಾಗಿನ ಪೈಪಿಐ ಹೆಸರು ತಗೊಂಡು, ಆ ಹೆಸರಿನ ಡಿಸ್ಟ್-ಇನ್ಫೊ ಯಾವ ಡೆಬ್ ತಂದೈತಿ ಅಂತ ಡಿಪಿಕೆಜಿಗೆ ಕೇಳತೈತಿ. ಬಿಲ್ಡ್ ಮಾಡೋ ಕ್ರೂಟಿನ್ಯಾಗ (ಕಟ್ಟೂದಕ್ಕಂತ ಬ್ಯಾರೆ ಇಟ್ಟ ಸ್ವಚ್ಛ ವ್ಯವಸ್ಥಾ) ಆ ಪ್ಯಾಕೇಜೇ ಇಲ್ಲದಿದ್ರ ಉತ್ತರ ಇಲ್ಲ. ಪೈಯಾಮಲ್ ನಮೂನಿ ಹಳೇ ಹೆಸರಿಗೆ ಡಿಎಚ್-ಪೈಥಾನ್ ತನ್ನ ಹಂತ್ಯಾಕ ಒಂದು ಪಟ್ಟಿ ಇಟ್ಟೈತಿ, ಸಿಪೈಥಾನ್3_ಫಾಲ್‌ಬ್ಯಾಕ್ ಅಂತ, ಅದರಿಂದ ತುಂಬಕೋತೈತಿ. ನಿಮ್ಮ ಮನ್ಯಾಗ ಮಾಡಿದ ಲೈಬ್ರರಿ ಆ ಪಟ್ಟ್ಯಾಗ ಎಲ್ಲಿಂದ ಬರಬೇಕು?

ಮದ್ದು: ಪೈಥಾನ್3-ನುಡಿಮ್ಯಾಪ್ ಅನ್ನ ಬಿಲ್ಡ್-ಡಿಪೆಂಡ್ಸ್‌ಗೆ (ಕಟ್ಟುವಾಗ ಬೇಕಾದ ಪ್ಯಾಕೇಜ್ ಪಟ್ಟಿ) ಸೇರಿಸ್ರಿ. ಟೆಸ್ಟ್ ಓಡಾಕ ಹೆಂಗೂ ಬೇಕು. ಅದು ಬ್ಯಾಡಂದ್ರ ಡೆಬಿಯನ್/ಪೈ3ಡಿಸ್ಟ್-ಓವರ್‌ರೈಡ್ಸ್ ಅನ್ನೋ ಫೈಲಿನಾಗ ಒಂದು ಸಾಲು: ಮೊದಲ ಪೈಪಿಐ ಹೆಸರು, ಜಾಗಾ ಬಿಟ್ಟು ಡೆಬಿಯನ್ ಹೆಸರು. ಕಟ್ಟಿದ ಮ್ಯಾಲೆ ಡಿಪಿಕೆಜಿ-ಡೆಬ್ -ಐ ಕೊಟ್ಟು ಡಿಪೆಂಡ್ಸ್ ಸಾಲು ಕಣ್ಣಾರೆ ಓದ್ರಿ. ಲಾಗ್ ನಂಬಬ್ಯಾಡ್ರಿ.

ಬೆಟಗೇರಿ_ಮಗ್ಗ

ಟೆಸ್ಟ್ಸ್ ತೊಂದರೆ: ಸೆಟಪ್.ಪೈಯಲ್ಲಿ ಫೈಂಡ್_ಪ್ಯಾಕೇಜಸ್ ಅನ್ನು ಬರಿಗೈಯಲ್ಲಿ ಕರೆದಿರಬೇಕು. ಟೆಸ್ಟ್ಸ್ ಫೋಲ್ಡರಿನಲ್ಲಿ ಇನಿಟ್ ಫೈಲ್ ಇದ್ದರೆ ಅದನ್ನೂ ಪ್ಯಾಕೇಜ್ ಎಂದೇ ಎಣಿಸಿ ಡಿಸ್ಟ್-ಪ್ಯಾಕೇಜಸ್ ಅಡಿಯಲ್ಲಿ ನೇರವಾಗಿ ಕೂರಿಸುತ್ತದೆ. ಇದೇ ತಪ್ಪು ಮಾಡಿದ ಇನ್ನೊಂದು ಡೆಬ್ ಆ ಕಂಪ್ಯೂಟರಿನಲ್ಲಿ ಮೊದಲೇ ಇದೆ. ಫೈಂಡ್_ಪ್ಯಾಕೇಜಸ್ ಒಳಗೆ ಇನ್‌ಕ್ಲೂಡ್ ಕೊಟ್ಟು ಒತ್ತಕ್ಷರ ಮತ್ತು ಅದರ ಒಳಗಿನವು ಮಾತ್ರ ಎಂದು ಬಿಗಿ ಮಾಡಿ. ತೇಪೆಯನ್ನು (ಪ್ಯಾಚ್) ಕ್ವಿಲ್ಟ್ ಎಂಬ ಟೂಲಿನಲ್ಲಿ ಇಟ್ಟು, ಮೂಲ ಲೇಖಕರಿಗೂ ಕಳಿಸಿ. ಲಿಂಟಿಯನ್ ಇದನ್ನು ‘ಓವರ್ಲಿ ಜೆನೆರಿಕ್ ನೇಮ್’ ಎಂಬ ಟ್ಯಾಗಿನಲ್ಲಿ ಹೇಳುತ್ತದೆ. ಸೋರ್ಸ್ ಚೇಂಜಸ್ ಫೈಲಿನ (ಬಿಲ್ಡ್ ಏನೇನು ಕೊಟ್ಟಿತು ಎಂಬ ಪಟ್ಟಿ) ಮೇಲೆ ಓಡಿಸಿದರೆ ಕಾಣದು, ಬೈನರಿ ಬಿಲ್ಡಿನ ಚೇಂಜಸ್ ಮೇಲೆ ಓಡಿಸಿ.

ಡಿಪಿಕೆಜಿಗೆ ಫೋರ್ಸ್-ಓವರ್‌ರೈಟ್ ಕೊಟ್ಟು ದಾಟಿಸಬೇಡಿ. ಇವತ್ತು ದಾಟುತ್ತದೆ, ನಿಮ್ಮ ಡೆಬ್ ತೆಗೆದ ದಿನ ಇನ್ನೊಬ್ಬರ ಫೈಲೂ ಅದರ ಜೊತೆ ಹೋಗುತ್ತದೆ.

ಸಾಧನಕೇರಿ_ಗಾಳಿ

ಎರಡೂ ಸರಿ ಆದ್ವು. ಈಗ 30 ಕಂಪ್ಯೂಟರಿನಾಗ ಹಳೇ ಹೆಸರು ಕೂತದ. ಕೈಯಿಂದ ತಗದು ಹಾಕೋದೋ, ಬ್ಯಾರೆ ದಾರಿ ಅದನೋ?

ಉಣಕಲ್_ಟರ್ಮಿನಲ್

ಕೈಯಿಂದ ಬ್ಯಾಡ್ರಿ, ಆಪ್ಟ್ ಮಾಡತೈತಿ. ಹೊಸಾ ಪೈಥಾನ್3-ಒತ್ತಕ್ಷರ ಸ್ಟಾಂಜಾದಾಗ (ಕಂಟ್ರೋಲ್ ಫೈಲಿನ ಒಂದು ತುಣುಕು) ಎರಡು ಸಾಲು: ಬ್ರೇಕ್ಸ್, ರಿಪ್ಲೇಸಸ್. ಎರಡಕ್ಕೂ ಬೆಲೆ ಒಂದೇ, ಪೈಥಾನ್3-ಕನ್ನಡ-ಒತ್ತಕ್ಷರ-ಟೂಲ್ಸ್, 0.4.1-2~ಕ್ಕಿಂತ ಹಳೇದು. ರಿಪ್ಲೇಸಸ್ ಒಂದೇ ಬರದು ಬ್ರೇಕ್ಸ್ ಮರತ್ರ ಹಳೇ ಪ್ಯಾಕೇಜ್ ಅರ್ಧಾ ಫೈಲ್ ಕಳಕೊಂಡು ಹಂಗೇ ಕೂಡತೈತಿ. ಕೊನೀ ~ ಚಿಹ್ನೆ ಮರೀಬ್ಯಾಡ್ರಿ: ಅದಿದ್ರ 0.4.1-2~ಲ್ಯಾಬ್1 ನಮೂನಿ ಆವೃತ್ತಿ ಹಳೇದರ ಲೆಕ್ಕಕ್ಕ ಬೀಳೂದಿಲ್ಲ.

ಆಮ್ಯಾಲೆ ಅದೇ ಸೋರ್ಸಿನಿಂದ ಹಳೇ ಹೆಸರಿಂದೇ ಒಂದು ಖಾಲಿ ಪ್ಯಾಕೇಜ್. ಸೆಕ್ಷನ್ ಓಲ್ಡ್‌ಲಿಬ್ಸ್, ಆರ್ಕಿಟೆಕ್ಚರ್ ಆಲ್, ಡಿಪೆಂಡ್ಸ್ ಪೈಥಾನ್3-ಒತ್ತಕ್ಷರ. ಆಪ್ಟ್ ಅಪ್‌ಗ್ರೇಡ್ ಅಂದಾಗ ಹಳೇದು ಖಾಲಿಯಾಗಿ ಮ್ಯಾಲೇರತೈತಿ, ಹೊಸಾದನ್ನ ಎಳಕೊಂಡು ಬರತೈತಿ. ಆಪ್ಟ್-ಗೆಟ್ ಅಪ್‌ಗ್ರೇಡ್ ಬಳಸಿದ್ರ ಮಾತ್ರ ‘ಕೆಪ್ಟ್ ಬ್ಯಾಕ್’ ಅಂತೈತಿ, ಅದು ಹೊಸಾ ಪ್ಯಾಕೇಜ್ ಸೇರಸೂದಿಲ್ಲ. ಅನಟೆಂಡೆಡ್-ಅಪ್‌ಗ್ರೇಡ್ಸ್ ಇಟ್ಟಿದ್ರ ನಿಮ್ಮ ರೆಪೊದ ಒರಿಜಿನ್ ಅದರ ಪಟ್ಟ್ಯಾಗ ಐತಿಲ್ಲೋ ನೋಡ್ರಿ. ಇಲ್ಲಂದ್ರ ಅದು ನಿಮ್ಮ ರೆಪೊದ ಕಡೆ ತಿರುಗಿ ನೋಡೂದಿಲ್ಲ.

ಲ್ಯಾಬಿನ ಆವೃತ್ತಿಗೆ 0.4.1-2~ಲ್ಯಾಬ್1 ಅಂತೇ ಇಡ್ರಿ. ನಾಳೆ ಡೆಬಿಯನ್‌ದಾಗ 0.4.1-2 ಬಂದ್ರ ಅದು ದೊಡ್ಡದಾಗಿ ತಾನ ಜಾಗಾ ಹಿಡೀತೈತಿ.

ಬ್ಯಾಡಗಿ_ಕಡ್ಡಿ

ಒಂದು ಮಾತು ಕೂಡಿಸ್ರಿ, ಹೆಸರು ಬದಲಿ ಮಾಡೂ ಹುರುಪಿನ್ಯಾಗ ಪೈಪ್ರಾಜೆಕ್ಟ್ ಫೈಲಿನ ನೇಮ್ ಸಾಲಿಗೆ ತೇಪಿ ಹಚ್ಚೀರಿ. ಅದನ್ನ ಮುಟ್ಟಬಾರದು. 2014ರಾಗ ಊರಿನ ಇಂಗ್ಲಿಷ್ ಹೆಸರು ಹುಬ್ಲಿ ಹೋಗಿ ಹುಬ್ಬಳ್ಳಿ ಅಂತ ಆತು, ರೈಲ್ವೆ ಕೋಡ್ ಯುಬಿಎಲ್ ಇವತ್ತಿಗೂ ಯುಬಿಎಲ್. ಟಿಕೆಟ್ ಆ ಕೋಡಿನ ಮ್ಯಾಲೆ ನಡಿಯೂದು. ಡಿಸ್ಟ್-ಇನ್ಫೊ ಒಳಗಿನ ಪೈಪಿಐ ಹೆಸರೂ ಹಂಗ. ಬ್ಯಾರೆ ಲೈಬ್ರರಿ, ಇಂಪೋರ್ಟ್‌ಲಿಬ್.ಮೆಟಾಡೇಟಾ, ಪಿಪ್ ಲಿಸ್ಟ್, ಎಲ್ಲಾ ಆ ಹೆಸರಿನಿಂದ ಕೇಳತಾವು. ನಿಮ್ಮ ಡಿಎಚ್_ಪೈಥಾನ್3ನೂ ಪೈಪಿಐ ಹೆಸರು ಹಿಡದೇ ಹುಡುಕಿತಲ್ಲ, ನೋಡಿದ್ರಿಲ್ಲೋ? ಪೈಪಿಐ ಹೆಸರು ಇಲ್ಲದ ಡೆಬಿಯನ್‌ದೂ ಬಂಡಿ ನಡಿಯೂದಿಲ್ಲ.

ಉಣಕಲ್_ಟರ್ಮಿನಲ್

ಅದನ್ನ ಒಪ್ಪಿದೆ. ಯಂತ್ರಕ್ಕ ಪೈಪಿಐ ಹೆಸರು, ಮನಶ್ಯಾಗ ಇಂಪೋರ್ಟ್ ಹೆಸರು. ಎರಡನೇದು ಮಾತ್ರ ಡೆಬ್ ಮ್ಯಾಲೆ.

ಬೆಟಗೇರಿ_ಮಗ್ಗ

ಡೆಬಿಯನ್‌ಗೆ ಕಳಿಸುವ ಮೊದಲು ಎರಡು ಜಾಗ ನೋಡಿ. ಹೊಸ ಬಿಡುಗಡೆ ಹುಡುಕುವ ವಾಚ್ ಫೈಲ್ ಪೈಪಿಐ ಕಡೆ ತಿರುಗಿದ್ದರೆ ಟಾರ್‌ಬಾಲ್ (ಮೂಲ ಕೋಡಿನ ಕಟ್ಟು) ಹೆಸರಿನಲ್ಲಿ ಅಡ್ಡಗೆರೆಯೂ ತಳಗೆರೆಯೂ ಎರಡೂ ಹೊಂದುವಂತೆ ಬರೆಯಿರಿ. ಪೆಪ್ 625 ಬಂದ ಮೇಲೆ ಹೊಸ ಸೆಟಪ್‌ಟೂಲ್ಸ್ ತಳಗೆರೆಯಲ್ಲೇ ಹೆಸರಿಡುತ್ತದೆ. ಹಳೆಯ ವಾಚ್ ಫೈಲ್ ಹೊಸ ಬಿಡುಗಡೆಯನ್ನು ಕಾಣದೆ ‘ಎಲ್ಲ ಸರಿ’ ಎನ್ನುತ್ತಿರುತ್ತದೆ. ಪೈಪಿಐ ಟಾರ್‌ಬಾಲಿನಲ್ಲಿ ಟೆಸ್ಟ್‌ಗಳನ್ನೇ ಬಿಟ್ಟಿರುವುದೂ ಉಂಟು, ಆಗ ಗಿಟ್ ಟ್ಯಾಗ್ ಹಿಡಿಯಿರಿ.

ಇನ್ನೊಂದು, ಹಳೆಯ ನುಡಿ ಕಡತ ಪರೀಕ್ಷಿಸಲು ಯಾರೋ ಫಾಂಟ್ ಫೈಲನ್ನು ಸೋರ್ಸ್ ಒಳಗೇ ಇಟ್ಟಿರುತ್ತಾರೆ. ಪರವಾನಗಿ ಪತ್ರ ಇಲ್ಲದ ಫಾಂಟ್ ಡೆಬಿಯನ್ ಒಳಗೆ ಹೋಗುವುದಿಲ್ಲ. ಕಾಪಿರೈಟ್ ಫೈಲಿನಲ್ಲಿ ಫೈಲ್ಸ್-ಎಕ್ಸ್‌ಕ್ಲೂಡೆಡ್ ಬರೆದರೆ ಯುಸ್ಕ್ಯಾನ್ ಎಂಬ ಟೂಲ್ ಅದನ್ನು ಕಳೆದು ಟಾರ್‌ಬಾಲ್ ಮತ್ತೆ ಕಟ್ಟುತ್ತದೆ, ಆವೃತ್ತಿಗೆ +ಡಿಎಫ್‌ಎಸ್‌ಜಿ (ಡೆಬಿಯನ್ನಿನ ಮುಕ್ತ ತಂತ್ರಾಂಶ ನಿಯಮಕ್ಕೆ ತಕ್ಕಂತೆ ಕಳೆದದ್ದು ಎಂಬ ಗುರುತು) ಸೇರಿಸಿ. ಚಿತ್ರ ಬಿಡಿಸುವ ಟೆಸ್ಟಿಗೆ ಫಾಂಟ್ ಬೇಕೇ ಬೇಕೆಂದರೆ ಫಾಂಟ್ಸ್-ಗುಬ್ಬಿಯನ್ನು ಬಿಲ್ಡ್-ಡಿಪೆಂಡ್ಸ್‌ಗೆ ಹಾಕಿ.

ಸಾಧನಕೇರಿ_ಗಾಳಿ

ಫಾಂಟ್ ಫೈಲ್ ಇತ್ತು, ತಗದೆ. ಸ್ವಚ್ಛ ಕ್ರೂಟಿನಾಗ ಎಸ್‌ಬಿಲ್ಡ್ ಟೂಲಿಂದ ಕಟ್ಟಿದ್ರ ಎರಡು ಟೆಸ್ಟ್ ಬೀಳ್ತಾವ. ಒಂದು ಅಕಾರಾದಿ, ‘ಅನ್‌ಸಪೋರ್ಟೆಡ್ ಲೊಕೇಲ್ ಸೆಟಿಂಗ್’. ಇನ್ನೊಂದರಾಗ ‘ಕ್ಷ’ ಒಂದು ಅಕ್ಷರ ಬರಬೇಕಾದಲ್ಲಿ ಎರಡು ಬರ್ತದ.

ರಾಣೇಬೆನ್ನೂರ_ಬೀಜ

ಮೊದಲನೇದು ಸಸಾರ. ಕ್ರೂಟಿನ್ಯಾಗ ಕೆಎನ್_ಐಎನ್ ಲೊಕೇಲ್ (ಕನ್ನಡದ ಭಾಷಾ ಸೆಟಿಂಗ್) ಹುಟ್ಟಿಲ್ಲ. ಬಿಲ್ಡ್-ಡಿಪೆಂಡ್ಸ್‌ಗೆ ಲೊಕೇಲ್ಸ್-ಆಲ್ ಹಾಕಿ, ಮುಂದ ನೋಚೆಕ್ ಗುರುತು ಹಚ್ರಿ. ಟೆಸ್ಟ್ ಇಲ್ಲದ ಬಿಲ್ಡಿಗೆ ಅಷ್ಟು ದೊಡ್ಡ ಪ್ಯಾಕೇಜ್ ಇಳಸೂದು ತಪ್ಪತೈತಿ. ಆದ್ರ ಲಿನಕ್ಸಿನ ಮೂಲ ಲೈಬ್ರರಿ ಗ್ಲಿಬ್‌ಸಿ ಜೋಡಸೂ ಕೋಷ್ಟಕ ಬ್ಯಾರೆ, ಐಸಿಯುದು ಬ್ಯಾರೆ. ಎರಡರ ಉತ್ತರ ಒಂದೇ ಬರಬೇಕಂತ ಟೆಸ್ಟ್ ಬರದಿದ್ರ ಬಿಡಿಸಿ ಬರೀರಿ.

ಎರಡನೇದು ಪ್ಯಾಕೇಜಿನ ತಪ್ಪಲ್ಲ. ಒತ್ತಕ್ಷರ ಕೂಡಿಸಿ ಹಿಡಿಯೂ ನಿಯಮ ಯೂನಿಕೋಡ್ 15.1ರಾಗ ಬಂತು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಸೇರಿದ್ವು, ಆ ಪಟ್ಟ್ಯಾಗ ಕನ್ನಡ ಇರಲಿಲ್ಲ. ಹಂಗಾಗಿ ರೆಜೆಕ್ಸ್‌ದಾಗ ಒಂದೊಂದು ಅಕ್ಷರ ಹಿಡಿಯೂ ಬ್ಯಾಕ್‌ಸ್ಲ್ಯಾಶ್ ಎಕ್ಸ್ ಬಳಸಿ ಎಣಿಸಿದ್ರ ‘ಕ್’, ‘ಷ’ ಎರಡಾಗಿ ಬರ್ತಾವು. ಲೈಬ್ರರಿಯೊಳಗ ಹಲಂತದ ಮುಂದಿನ ವ್ಯಂಜನ ಕೂಡಿಸೂ ಕೋಡ್ ಇರಬೇಕು, ಅದು ಯಾವ ಕವಲಿನ್ಯಾಗ ಓಡವಲ್ದು ನೋಡ್ರಿ.

ಸಾಧನಕೇರಿ_ಗಾಳಿ

ಸಿಕ್ತು. ಆ ಕೋಡ್ ಪೈಥಾನ್3-ರೆಜೆಕ್ಸ್ ಇದ್ದಾಗಷ್ಟ ಓಡೋ ಹಂಗ ಟ್ರೈ ಒಳಗ ಇಟ್ಟಾರ. ಇಲ್ಲಂದ್ರ ಸುಮ್ನ ಐಸಿಯು ಎಣಿಕಿ ಕೊಡ್ತದ. ಪೈಪ್ರಾಜೆಕ್ಟಿನಾಗ ಅದು ಆಪ್ಷನಲ್ ಅಂತ ಬರದದ, ಅದಕ್ಕ ಡಿಎಚ್_ಪೈಥಾನ್3 ಡಿಪೆಂಡ್ಸ್‌ಗೆ ತರಲಿಲ್ಲ. ರೆಕಮೆಂಡ್ಸ್ ಹಾಕಲೋ ಡಿಪೆಂಡ್ಸೋ?

ಉಣಕಲ್_ಟರ್ಮಿನಲ್

ಡಿಪೆಂಡ್ಸ್. ಅದಿಲ್ಲದ ಉತ್ತರಾನ ತಪ್ಪು ಬರ್ತಿದ್ರ ಅದು ಆಪ್ಷನಲ್ ಹೆಂಗಾತ್ರಿ? ಕಂಟ್ರೋಲ್ ಫೈಲಿನಾಗ ಪೈಥಾನ್3:ಡಿಪೆಂಡ್ಸ್ ಪಕ್ಕ ಕೈಯಿಂದ ಬರೀರಿ, ಬಿಲ್ಡ್-ಡಿಪೆಂಡ್ಸ್‌ಗೂ ಹಾಕ್ರಿ. ಮತ್ತ ಆಟೋಪಿಕೆಜಿಟೆಸ್ಟ್-ಪಿಕೆಜಿ-ಪೈಥಾನ್ ತಗದು ಆಟೋಪಿಕೆಜಿಟೆಸ್ಟ್-ಪಿಕೆಜಿ-ಪೈಬಿಲ್ಡ್ ಇಡ್ರಿ. ಬರೇ ಇಂಪೋರ್ಟ್ ಆಗತೈತಿಲ್ಲೋ ಅಂತ ನೋಡಿದ್ರ ಈ ತಪ್ಪು ಸಿಗಾಂಗಿಲ್ಲ.